ಉಳಿಕೆ ಮೆಣಸಿನ ಭಾನುವಾರ

ಹೆತ್ತೂರು ಹತ್ತಿರದ ತೋಟ
೯ ಫೆಬ್ರವರಿ ೨೦೨೫

ಶೈಸ್ತಾ, ನನ್ನ ಕಳ್ಳೀ,

ಮದುವೆಯಾಗಿ ಇಂದಿಗೆ ಎಪ್ಪತ್ತೊಂದು ದಿನ! ಎಣಿಸುತ್ತಿದ್ದೇನೆ, ನಗಬೇಡ. ಇಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕಿನ ಮೇಲೆ ಹತ್ತಬೇಕು. ಹತ್ತಿದರೆ ಅತ್ತೆ ಕೆಳಗೆ ನಿಂತು, "ಬಿದ್ದು ಸೊಂಟ ಮುರ್ಕೊಂಡ್ರೆ ನಿಮ್ಮಪ್ಪಂಗೆ ನಾನೇನ್ ಹೇಳ್ಲವ್ವಾ, ಇಳಿ" ಎಂದು ಕೂಗುತ್ತಾರೆ. ಆದ್ದರಿಂದ ಕಾಗದ. ಕನ್ನಡದಲ್ಲೇ ಬರೆಯಬೇಕೆಂಬ ನಿನ್ನ ಶರತ್ತನ್ನೂ ಒಪ್ಪಿದ್ದೇನೆ. ಕಾನ್ವೆಂಟಿನವಳ ಒತ್ತಕ್ಷರ ತಪ್ಪಿದರೆ ಕೆಂಪು ಇಂಕಿನಲ್ಲಿ ತಿದ್ದಿ ವಾಪಸು ಕಳಿಸಬೇಡ. ಡ್ರಾಯಿಂಗ್ ಟೀಚರ್ ಆದ ಮೇಲೆ ನಿನಗೆ ಅದೊಂದು ಚಟ.

ಒಂದು ಗುಟ್ಟು. ನನ್ನ ಗಂಡ ದೀಕ್ಷಿತ್, ಕೆರೆಯ ಹಿಂದಿನ ಇಳಿಜಾರಿನಲ್ಲಿ, ಕಾಫಿ ಗಿಡಗಳ ನಡುವೆ, ಕಾಫಿಯಲ್ಲದ ನಾಲ್ಕು ಗಿಡ ಬೆಳೆಸಿದ್ದಾನೆ! ಬೀಜ ಯಾರೋ ಗೆಳೆಯ ಕೊಟ್ಟಿದ್ದಂತೆ. ಮೈಸೂರಿನಲ್ಲಿ ನಮ್ಮ ಸೀನಿಯರ್‌ಗಳು ಸೇದುತ್ತಿದ್ದ ಗಾಂಜಾ ಸುಟ್ಟ ಹಗ್ಗದ ವಾಸನೆ ಬರುತ್ತಿತ್ತಲ್ಲ, ಇದು ಹಾಗಲ್ಲ ಕಣೇ. ಉಗುರಿನಿಂದ ಕಿತ್ತಳೆ ಸಿಪ್ಪೆ ಚಿವುಟಿದ ಹಾಗೆ ಘಮ್ಮೆನ್ನುತ್ತದೆ. ನಾವಿಬ್ಬರೂ ಅದಕ್ಕೆ 'ಕಿತ್ತಳೆ' ಎಂದೇ ಹೆಸರಿಟ್ಟಿದ್ದೇವೆ. ಎರಡು ದಮ್ಮು ಎಳೆದರೆ ಹುಬ್ಬಿನ ನಡುವೆ ಯಾರೋ ದೀಪ ಹಚ್ಚಿದಂತಾಗುತ್ತದೆ. ಹಸಿರಿನೊಳಗೆ ಇನ್ನಷ್ಟು ಹಸಿರು ಕಾಣುತ್ತದೆ. ಆಮೇಲೆ ನಗು, ಆಮೇಲೆ ಹಸಿವು. ಮೊನ್ನೆ ಹನ್ನೊಂದು ಅಕ್ಕಿರೊಟ್ಟಿ ತಿಂದೆವು. ಅತ್ತೆ ನನಗೆ ವಿಶೇಷವೇ ಇರಬೇಕು ಎಂದುಕೊಂಡು ಉಪ್ಪಿನಕಾಯಿ ಜಾಡಿ ತಂದಿಟ್ಟರು!

ಆ ಹೊತ್ತಿನಲ್ಲಿ ನಾನು ನೀನು ಮದುವೆಗೆ ಕೊಟ್ಟ ದೊಡ್ಡ ಚಿತ್ರಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಕೊಂಡು ಕೂರುತ್ತೇನೆ. ಕಾರವಾಜಿಯೋ! ನಾನೂರು ವರ್ಷದ ಹಿಂದೆ ರೋಮಿನ ಬೀದಿಯಲ್ಲಿ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ತಿರುಗುತ್ತಿದ್ದವನು. ಹೋಟೆಲಿನ ಮಾಣಿ ಎದುರಾಡಿದನೆಂದು ಊಟದ ತಟ್ಟೆಯನ್ನೇ ಮುಖಕ್ಕೆ ಬೀಸಿದವನು. ಕೊನೆಗೆ ಒಬ್ಬನನ್ನು ಕೊಂದು ಓಡಿಹೋದ. ಎಲ್ಲಿ ಕಂಡರೂ ತಲೆ ತೆಗೆಯಬಹುದು ಎಂದು ಶಿಕ್ಷೆಯಾಯಿತು. ಓಡುತ್ತ ಓಡುತ್ತ ಇನ್ನೂ ಚೆನ್ನಾಗಿ ಚಿತ್ರ ಬರೆದ. ಒಬ್ಬ ಹುಡುಗ ರಾಕ್ಷಸನ ಕಡಿದ ತಲೆಯನ್ನು ಕೂದಲು ಹಿಡಿದು ಎತ್ತಿದ್ದಾನಲ್ಲ, ಆ ತಲೆಗೆ ತನ್ನದೇ ಮುಖ ಕೊಟ್ಟ! ನಾವು ಕಾಲೇಜಿನಲ್ಲಿ ಬಾಳೆಹಣ್ಣು, ಚೊಂಬು ಬರೆದುಕೊಂಡು ನಾಲ್ಕು ವರ್ಷ ಕಳೆದೆವು. ಬದುಕುವುದೆಂದರೆ ಅದು ಕಣೇ, ಕತ್ತಿ ಹಿಡಿದು!

ನಿನ್ನೆ ಮನೆಯ ಹಿಂದೆ ಹಂದಿ ಕಡಿದರು. ದೀಕ್ಷಿತ್ ಮಚ್ಚು ಹಿಡಿದದ್ದು, ಒಂದೇ ಏಟು. ರಕ್ತ ಕಲ್ಲಿನ ಮೇಲೆ ಹರಿದು ಬಿಸಿಲಿಗೆ ಹೊಳೆಯಿತು. ನಾನು ಓಡಿಹೋಗುತ್ತೇನೆ ಎಂದುಕೊಂಡಿದ್ದೆ. ಓಡಲಿಲ್ಲ, ಬಣ್ಣದ ಡಬ್ಬಿ ತಂದೆ.

ಬೇಗ ಬರೆ.
ನಿನ್ನ ಹುಚ್ಚಿ,
ಮಾನಸ

ಬಾಳ್ಳುಪೇಟೆ
೧೬ ಫೆಬ್ರವರಿ ೨೦೨೫

ಮಾನಸ,

ನಿನ್ನ ಕಾಗದದಲ್ಲಿ ಆರು ಆಶ್ಚರ್ಯಸೂಚಕ ಚಿಹ್ನೆಗಳಿದ್ದವು. ಎಣಿಸಿದ್ದು ನಾನಲ್ಲ, ಏಳನೇ ಕ್ಲಾಸಿನ ಕಾಪಿ ತಿದ್ದಿ ಸುಸ್ತಾದ ನನ್ನ ಕಣ್ಣು. ನೀನು ಸಂತೋಷವಾಗಿರುವುದು ನನಗೆ ಸಂತೋಷ. ನಮ್ಮ ಅಬ್ಬಾ ಲಾರಿಯಲ್ಲಿ ನಿಮ್ಮ ತೋಟದ ಕಾಫಿ ಲೋಡ್ ತರಲು ಬಂದಾಗ ನಿನ್ನನ್ನು ಜಗಲಿಯಲ್ಲಿ ಕಂಡರಂತೆ. "ಆ ಹುಡುಗಿ ಸುಮ್‌ಸುಮ್ನೆ ನಗ್ತಾ ಕೂತಿತ್ತಮ್ಮ, ಒಳ್ಳೇ ಮನೆ ಸಿಕ್ಕೈತೆ" ಅಂದರು. ಏಕೆ ನಗುತ್ತಿದ್ದೆ ಎಂದು ನಾನು ಹೇಳಲಿಲ್ಲ.

ಒಂದು ಪ್ರಶ್ನೆ. ನಿನ್ನ ಚಿತ್ರಗಾರ ಕೊಂದನಲ್ಲ, ಆ ಮನುಷ್ಯನ ಹೆಸರೇನು? ನಾನೇ ಕೊಟ್ಟ ಪುಸ್ತಕ, ಅದರಲ್ಲಿದೆ. ರಾನುಚ್ಚಿಯೋ. ಚೆಂಡಾಟದ ಜಗಳ ಅನ್ನುತ್ತಾರೆ, ಹೆಣ್ಣಿನ ಜಗಳ ಅಂತಲೂ ಅನ್ನುತ್ತಾರೆ. ತೊಡೆಯ ನರ ಕಡಿದು ರಕ್ತ ಹರಿದೇ ಸತ್ತ. ಅವನ ಬಗ್ಗೆ ಅಲ್ಲಿ ಬರೆದಿರುವುದು ಎರಡೇ ಸಾಲು.

ಗಿಡಗಳ ವಿಷಯ ಇನ್ನು ಕಾಗದದಲ್ಲಿ ಬರೆಯಬೇಡ, ಪೆದ್ದಿ.

ಶೈಸ್ತಾ

ತೋಟ
೨ ಮಾರ್ಚ್ ೨೦೨೫

ಟೀಚರಮ್ಮ,

ಬೈದದ್ದು ಮುಟ್ಟಿತು. ಬರೆಯುವುದಿಲ್ಲ. (ಆದರೆ ಕಿತ್ತಳೆ ಈ ಸಲ ಇನ್ನೂ ಸಿಹಿ!)

ನನ್ನ ಗಂಡ ಹೆತ್ತೂರಿನಲ್ಲಿ ಒಬ್ಬ ಡ್ರೈವರನಿಗೆ ಹೊಡೆದ. ಜೀಪಿಗೆ ದಾರಿ ಬಿಡಲಿಲ್ಲವಂತೆ. ಇಳಿದು ಹೋಗಿ, ಮಾತಿಲ್ಲ ಕತೆಯಿಲ್ಲ, ಒಂದೇ ಗುದ್ದು. ಆತ ಬಾಯಿ ಒರೆಸಿಕೊಂಡಾಗ ಅಂಗೈಯಲ್ಲಿ ಹಲ್ಲಿತ್ತು. ಬರುವಾಗ ದೀಕ್ಷಿತ್ ಗೆಣ್ಣಿನ ರಕ್ತ ಚೀಪುತ್ತ, "ಹೆದ್ರುಬುಟ್ಟಾ ಮಾನು?" ಎಂದು ಕೇಳಿದ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಯೋ ಇನ್ನೇನೋ ಗೊತ್ತಾಗಲಿಲ್ಲ. ನಿನಗೆ ಸುಳ್ಳು ಹೇಳುವುದಿಲ್ಲ, ಅದು ಹೆದರಿಕೆಯಾಗಿರಲಿಲ್ಲ.

ಮಾವನ ಕೋವಿ ಹೊಡೆಯುವುದನ್ನೂ ಕಲಿಯುತ್ತಿದ್ದೇನೆ. ತೆಂಗಿನ ಚಿಪ್ಪಿಗೆ ಗುರಿ. ಕಲಿಸುವವನು ಸೋಮಯ್ಯ, ನಮ್ಮ ತೋಟದ ಕಾವಲಿನವನು. ಅರವತ್ತು ದಾಟಿದೆ, ಒಂದು ಕಣ್ಣಿಗೆ ಪೊರೆ ಬಂದಿದೆ. "ಗುರಿ ನೀವ್ ನೋಡ್ಕಳಿ ಅಮ್ಮೋರೇ, ನಂಗೆ ಚಿಪ್ಪೂ ಕಾಣಕ್ಕಿಲ್ಲ, ಮರಾನೂ ಕಾಣಕ್ಕಿಲ್ಲ, ಸದ್ದು ಮಾತ್ರ ಕೇಳ್ತೈತೆ" ಅನ್ನುತ್ತಾನೆ. ಮಂಗ ಓಡಿಸುವುದು ಅವನ ಕೆಲಸ. ಮಂಗಗಳು ಸಿಲ್ವರ್ ಮರದ ಮೇಲೆ ಕೂತು, ಅದಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯನ್ನು ಹರಿದು ಹಾಳುಮಾಡುತ್ತವೆ. ಹತ್ತರಲ್ಲಿ ಏಳು ಚಿಪ್ಪು ಹೊಡೆದೆ! ಭುಜ ನೀಲಿಗಟ್ಟಿದೆ.

ನಿನ್ನ ರಾನುಚ್ಚಿಯೋನನ್ನು ಹುಡುಕಿದೆ. ಎರಡು ಸಾಲಲ್ಲ, ಮೂರು.

ಮುತ್ತುಗಳೊಂದಿಗೆ,
ಮಾನಸ

ತೋಟ
೧೭ ಮಾರ್ಚ್ ೨೦೨೫

ಶೈಸ್ತಾ,

ನಾನು ಒಬ್ಬ ಮನುಷ್ಯನನ್ನು ಕೊಂದೆ.

ಕ್ರಮವಾಗಿ ಬರೆಯುತ್ತೇನೆ. ಈ ಮನೆಯಲ್ಲಿ ನಿನ್ನೆ ಸಂಜೆಯಿಂದ ಎಲ್ಲರೂ ಇದನ್ನು ಬೇರೆ ಥರ ಹೇಳುತ್ತಿದ್ದಾರೆ. ಇನ್ನೆರಡು ದಿನ ಕೇಳಿದರೆ ನಾನೂ ಹಾಗೇ ನಂಬಿಬಿಡುತ್ತೇನೆ.

ನಿನ್ನೆ ಭಾನುವಾರ. ಮೆಣಸಿನ ಕೊಯ್ಲು ಶನಿವಾರವೇ ಮುಗಿದಿತ್ತು. ಲೈನು ಮನೆಗಳ ಕೂಲಿಯವರೆಲ್ಲ ಸಂತೆಗೆ ಹೋಗಿದ್ದಾರೆ, ತೋಟ ಖಾಲಿ ಎಂದುಕೊಂಡಿದ್ದೆ. ಮಾವ, ಅತ್ತೆ ಸಕಲೇಶಪುರಕ್ಕೆ ಹೋಗಿದ್ದರು. ನಾವಿಬ್ಬರೂ ಮಧ್ಯಾಹ್ನ ಮೂರು ಗಂಟೆಗೆ ಜಗಲಿಯಲ್ಲಿ ಕೂತು ಕಿತ್ತಳೆ ಸೇದಿದೆವು. ಪುಸ್ತಕ ಬಿಡಿಸಿದ್ದೆ, ಆ ಕಡಿದ ತಲೆಯ ಪುಟ. "ನೋಡು, ಒಂದು ಕಣ್ಣು ಸತ್ತಿದೆ, ಒಂದು ಇನ್ನೂ ನೋಡುತ್ತಿದೆ" ಎಂದು ದೀಕ್ಷಿತನಿಗೆ ತೋರಿಸುತ್ತಿದ್ದೆ. ಅವನು ನಗುತ್ತಿದ್ದ. ಅಷ್ಟರಲ್ಲಿ ಎದುರಿನ ಸಿಲ್ವರ್ ಮರದ ಎಲೆ ಅಲುಗಾಡಿತು.

"ಮಂಗ! ಹೊಡಿ ಮಾನು, ಹೊಡಿ!"

ಗೋಡೆಗೆ ಒರಗಿಸಿದ್ದ ಕೋವಿ ಎತ್ತಿದೆ. ಕಂದು ಬಣ್ಣದ್ದು, ಬೆನ್ನು ಬಾಗಿಸಿ ಕೂತಿತ್ತು. ಎಲೆಗಳ ನಡುವಿನಿಂದ ಒಂದೇ ಕೋಲು ಬಿಸಿಲು ಅದರ ಬೆನ್ನಿನ ಮೇಲೆ ಬಿದ್ದಿತ್ತು, ಸುತ್ತ ಕತ್ತಲು. ಎಷ್ಟು ಚೆಂದ ಬೆಳಕು ಎಂದುಕೊಂಡೆ. ಹೌದು ಶೈಸ್ತಾ, ಕೋವಿಯ ಕುದುರೆ ಒತ್ತುವ ಮೊದಲು ನಾನು ಅದನ್ನೇ ಅಂದುಕೊಂಡೆ.

ಅದು ಕಿರುಚಲಿಲ್ಲ. "ಅವ್ವಾ" ಅಂದಿತು.

ಮೊದಲು ಅವನು ಬಿದ್ದ, ಆಮೇಲೆ ಏಣಿ ಬಿತ್ತು. ದೀಕ್ಷಿತನ ನಗು ನಿಂತಿರಲಿಲ್ಲ. ಅವನಿಗೆ ನಿಲ್ಲಿಸಲು ಆಗುತ್ತಿರಲಿಲ್ಲ. ನನ್ನ ಬಾಯಿಯೂ ನಗುತ್ತಲೇ ಇತ್ತು. ನಗುತ್ತಲೇ ಓಡಿದೆವು. ಬಳ್ಳಿಯಲ್ಲಿ ಚಿಗಳಿ ಇರುವೆ ಹೆಚ್ಚು, ಕಚ್ಚದಿರಲೆಂದು ಮೆಣಸು ಕೀಳುವವರು ತಲೆಯಿಂದ ಬೆನ್ನಿಗೆ ಗೋಣಿಚೀಲ ಹೊದೆಯುತ್ತಾರೆ. ನಾನು ಕಂಡ ಕಂದು ಬೆನ್ನು ಅದು. ಕೋವಿಯ ಚರೆ ಕುತ್ತಿಗೆಯ ಪಕ್ಕಕ್ಕೆ, ಕಿವಿಗೆ, ದವಡೆಗೆ ಹೊಕ್ಕಿತ್ತು. ರಕ್ತ ಬುಗ್ಗೆಯ ಹಾಗೆ ಬಿಟ್ಟು ಬಿಟ್ಟು ಚಿಮ್ಮುತ್ತಿತ್ತು. ನನ್ನ ಸೆರಗು ತುರುಕಿ ಒತ್ತಿದೆ, ಬೆರಳಿನ ಸಂದಿಯಿಂದ ಬಂತು. ಗೋಣಿಯ ಮೇಲಿದ್ದ ಇರುವೆಗಳು ನನ್ನ ಕೈಗೆ ಹತ್ತಿ ಕಚ್ಚಿದವು. ಅವನ ಕಾಲು ಎರಡು ಸಲ ನೆಲಕ್ಕೆ ಬಡಿಯಿತು. ಆಮೇಲೆ ಬಡಿಯಲಿಲ್ಲ.

ಕೊಯ್ಲು ಮುಗಿದ ಮೇಲಿನ ಮೊದಲ ಭಾನುವಾರ, ಮರದ ತುದಿಯಲ್ಲಿ ಉಳಿದ ಮೆಣಸು ಲೈನಿನವರದಂತೆ. ಯಾರು ಬೇಕಾದರೂ ಹತ್ತಿ ಕಿತ್ತುಕೊಳ್ಳಬಹುದು. ಅಜ್ಜನ ಕಾಲದಿಂದ ನಡೆದು ಬಂದದ್ದು. ತೋಟದ ನಾಯಿಗೂ ಗೊತ್ತು. ನನಗೆ ಯಾರೂ ಹೇಳಿರಲಿಲ್ಲ. ದೀಕ್ಷಿತನಿಗೆ ಗೊತ್ತಿತ್ತು. "ತಲೇಲೇ ಇರ್ಲಿಲ್ಲ ಮಾನು, ಆಣೆ ಮಾಡ್ತೀನಿ" ಎಂದು ಗೋಡೆಗೆ ತಲೆ ಚಚ್ಚಿಕೊಂಡ. ಹಣೆ ಒಡೆಯಿತು.

ಮಾವ ಬಂದು ನೋಡಿದರು. ನನ್ನನ್ನು ಬೈಯಲಿಲ್ಲ. ಸೋಮಯ್ಯನನ್ನು ಕರೆಸಿದರು. ಈ ಮನೆಯ ಅಜ್ಜನ ಕೋವಿಗೂ ಒಬ್ಬ ಸತ್ತಿದ್ದ, ಆಗಲೂ ಕಾವಲಿನವನೇ ತಾನು ಹೊಡೆದೆ ಎಂದು ಠಾಣೆಗೆ ಹೋಗಿದ್ದ ಎಂದು ಅತ್ತೆ ನನ್ನ ಬೆನ್ನು ಸವರುತ್ತ ಹೇಳಿದರು. ಈ ಕಡೆಯ ತೋಟಗಳಲ್ಲಿ ಹಾಗೇ ಅಂತೆ. ಸೋಮಯ್ಯನ ಹೆಂಡತಿಗೆ ಪಾಳ್ಯದಲ್ಲಿ ಮನೆ ಕಟ್ಟಿಸಿಕೊಡುತ್ತಾರಂತೆ. ಕತ್ತಲಾಗುವ ಮೊದಲೇ ಅವನು ಒಗೆದ ಅಂಗಿ ಹಾಕಿಕೊಂಡು ಜೀಪಿನಲ್ಲಿ ಕೂತಿದ್ದ. ನನ್ನನ್ನು ಕಂಡು, "ಅಳ್ಬ್ಯಾಡಿ ಅಮ್ಮೋರೇ. ಮಂಗ ಓಡ್ಸದು ನನ್ ಕೆಲ್ಸ ಅಲ್ವಾ" ಅಂದ.

ಸ್ನಾನ ಮಾಡಿದೆ. ಮತ್ತೆ ಮಾಡಿದೆ.

ಮಾನಸ

ಬಾಳ್ಳುಪೇಟೆ
೨೨ ಮಾರ್ಚ್ ೨೦೨೫

ಮಾನಸ,

ಕಾಗದ ಸಿಕ್ಕಿದ ದಿನವೇ ಬಸ್ಸು ಹತ್ತಿ ಬಂದೆ. ಗೇಟಿನಲ್ಲಿ ನಿಮ್ಮ ತೋಟದ ಲೆಕ್ಕ ಬರೆಯುವ ರೈಟರ್, "ಅಮ್ಮೋರಿಗೆ ಜ್ವರ, ಯಾರ್ನೂ ಬಿಡ್ಬ್ಯಾಡ ಅಂದವ್ರೆ" ಎಂದು ತಡೆದ. ಒಂದು ಗಂಟೆ ನಿಂತಿದ್ದೆ. ನಿನ್ನ ಜಗಲಿ ಅಲ್ಲಿಂದ ಕಾಣುತ್ತದೆ. ನೀನು ಕೂತಿದ್ದೆ. ನನ್ನ ಕಡೆ ನೋಡಿದೆ ಎಂದು ನನಗೆ ಅನುಮಾನ. ಇರಲಿ.

ನಾಲ್ಕು ಪುಟ ಬರೆದಿದ್ದೀಯ. ಗೋಣಿ, ಇರುವೆ, ಬಿಸಿಲು ಎಲ್ಲ ಇದೆ. ಸತ್ತವನ ಹೆಸರಿಲ್ಲ. ನಾನು ಪತ್ರಿಕೆಯಲ್ಲಿ ಹುಡುಕಿಕೊಂಡೆ. ಕುಳ್ಳಯ್ಯ. ವಯಸ್ಸು ನಲವತ್ತನಾಲ್ಕು. ಹೆಂಡತಿ ಕೆಂಚಮ್ಮ. ಕೊಂದವನು ಸೋಮಯ್ಯ ಎಂದಿದೆ. ಇಬ್ಬರ ನಡುವೆ ಹಳೆಯ ದ್ವೇಷ ಇತ್ತೆಂದೂ ಬರೆದಿದ್ದಾರೆ.

ಜಾಗ್ರತೆ, ಮಾನಸ. ಇದು ಇನ್ನು ಬೆಳೆಯುತ್ತದೆ.

ಶೈಸ್ತಾ

ತೋಟ
೨೭ ಮಾರ್ಚ್ ೨೦೨೫

ಶೈಸ್ತಾ ಅವರಿಗೆ,

ನಾನು ಮಾನಸಳ ಗಂಡ ದೀಕ್ಷಿತ್. ಅವಳು ನಿಮಗೆ ೧೭ನೇ ತಾರೀಖು ಒಂದು ಕಾಗದ ಬರೆದಿದ್ದಾಳೆಂದು ನಿನ್ನೆ ಹೇಳಿದಳು. ಅವಳ ಮನಸ್ಸು ಸರಿಯಿರಲಿಲ್ಲ. ದಯವಿಟ್ಟು ಅದನ್ನು ಒಲೆಗೆ ಹಾಕಿ. ಗೆಳತಿಗೆ ಒಳ್ಳೆಯದಾಗಲಿ ಎನ್ನುವವರು ಬೇರೆ ಏನು ತಾನೆ ಮಾಡುತ್ತಾರೆ?

ನಿಮ್ಮ ತಂದೆ ಅಬ್ದುಲ್ ಸತ್ತಾರ್ ಸಾಹೇಬರ ಲಾರಿಗಳು ನನ್ನ ತಾತನ ಕಾಲದಿಂದ ನಮ್ಮ ತೋಟಕ್ಕೆ ಬರುತ್ತಿವೆ. ಅವರ ಮೇಲೆ ನಮಗೆ ಬಹಳ ಗೌರವ. ನಮ್ಮ ಗೇಟು ಅವರ ಲಾರಿಗೆ ಮುಚ್ಚುವ ದಿನ ಬರಬಾರದು ಎಂಬುದೇ ನನ್ನ ಆಸೆ.

ವಿಶ್ವಾಸವಿರಲಿ,
ದೀಕ್ಷಿತ್

ತೋಟ
೧೨ ಏಪ್ರಿಲ್ ೨೦೨೫

ಶೈಸ್ತಾ,

ನೀನು ಗೇಟಿನಲ್ಲಿ ನಿಂತದ್ದನ್ನು ನಾನು ನೋಡಿದೆ.

ಈಗ ಕಿತ್ತಳೆಯನ್ನು ಒಬ್ಬಳೇ ಸೇದುತ್ತೇನೆ. ಮೊದಲಿನ ದೀಪ ಹತ್ತುವುದಿಲ್ಲ, ಆದರೆ ಒಂದು ಗಂಟೆ ಕಿವಿ ಮುಚ್ಚುತ್ತದೆ. ಅಷ್ಟು ಸಾಕು. ಕಾರವಾಜಿಯೋನನ್ನೇ ಯೋಚಿಸುತ್ತೇನೆ. ಅವನನ್ನೂ ದೊಡ್ಡ ಮನೆಗಳೇ ಬಚ್ಚಿಟ್ಟವು. ಊಟ ಹಾಕಿದರು, ಬಣ್ಣ ತಂದುಕೊಟ್ಟರು, ಚಿತ್ರ ಬರೆಸಿಕೊಂಡರು. ಅವನು ಒಂದೇ ಒಂದು ಚಿತ್ರದ ಮೇಲೆ ತನ್ನ ಹೆಸರು ಬರೆದನಂತೆ, ಅದೂ ಕಡಿದ ಕುತ್ತಿಗೆಯಿಂದ ನೆಲಕ್ಕೆ ಹರಿದ ರಕ್ತದಲ್ಲಿ. ನಾನು ಮೊದಲು ಅದನ್ನು ಎಂಥ ಧೈರ್ಯ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಠಾಣೆಗೆ ಹೋಗಿ ಹೇಳಲಾಗದವನು ಬಟ್ಟೆಯ ಮೇಲೆ ಬರೆದ. ಅದನ್ನು ಜನ ನೋಡಿ ಆಹಾ ಅಂದರು. ನಾನೂ ಅಂದೆ.

ಕ್ಷಮಾಪಣೆ ಸಿಗುತ್ತದೆಂದು ನಂಬಿ ಚಿತ್ರಗಳನ್ನು ಹೊತ್ತು ವಾಪಸು ಹೊರಟವನು ದಾರಿಯಲ್ಲೇ ಸತ್ತ. ಮೂವತ್ತೆಂಟು ವರ್ಷ.

ಸೋಮಯ್ಯನಿಗೆ ಜಾಮೀನು ಆಗಿಲ್ಲ. ದ್ವೇಷದಿಂದ ಕೊಂದ ಎಂಬ ಮಾತು ಪೊಲೀಸರ ಕಿವಿಗೂ ಬಿದ್ದಿದೆ. ಮೊನ್ನೆ ಗುರುವಾರ ಕುಳ್ಳಯ್ಯನ ಕಡೆಯವರು ಸೋಮಯ್ಯನ ಹೆಂಡತಿ ಬೆಟ್ಟಮ್ಮನನ್ನು ಲೈನಿನ ನಲ್ಲಿಯ ಹತ್ತಿರ ಹಿಡಿದರು. ಏಣಿಯ ಮೆಟ್ಟಿಲು ಮುರಿದು ಅದರಲ್ಲೇ ಹೊಡೆದರು. ಮೊಣಕೈ ಒಡೆದು ಎಲುಬು ಹೊರಗೆ ಬಂದಿದೆ. ಅವಳ ಮನೆಯ ಬಾಗಿಲಿಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರು, ಯಾರೋ ನೀರು ಹಾಕಿ ಆರಿಸಿದರು. ನಾನು ಜಗಲಿಯಿಂದ ಕೇಳಿಸಿಕೊಂಡೆ. ಅವಳು ಕಿರುಚುತ್ತ ಏನನ್ನೂ ಹೇಳಲಿಲ್ಲ. ಒಂದೇ ಒಂದು ಮಾತು ಹೇಳಿದ್ದರೆ ಹೊಡೆತ ನಿಲ್ಲುತ್ತಿತ್ತು, ನನ್ನ ಹೆಸರು. ಹೇಳಲಿಲ್ಲ.

ದೀಕ್ಷಿತ್ ನನ್ನ ಕೈ ಹಿಡಿದು, "ಇನ್ನೊಂದು ತಿಂಗ್ಳು ಮಾನು, ಎಲ್ಲ ತಣ್ಣಗಾಗ್ತದೆ" ಅನ್ನುತ್ತಾನೆ. ಅವನು ಕೆಟ್ಟವನಲ್ಲ. ನನ್ನನ್ನು ಪ್ರೀತಿಸುತ್ತಾನೆ. ಅದಕ್ಕೇ ಬಾಗಿಲಿಗೆ ಬೀಗ ಹಾಕುತ್ತಾನೆ, ಹಗಲಲ್ಲಿ.

ಆ ಕಾಗದ ಸುಟ್ಟೆಯಾ?

ಮಾನಸ

ಬಾಳ್ಳುಪೇಟೆ
೧೭ ಏಪ್ರಿಲ್ ೨೦೨೫

ಮಾನಸ,

ಸುಟ್ಟಿಲ್ಲ. ನಿನ್ನ ಗಂಡನ ಕಾಗದವನ್ನೂ ಸುಟ್ಟಿಲ್ಲ.

ಅಬ್ಬಾಗೆ ಎರಡನ್ನೂ ಓದಿ ಹೇಳಿದೆ. ಬಹಳ ಹೊತ್ತು ಗಡ್ಡ ಕೆರೆದುಕೊಂಡರು. "ಬೇರೆ ತೋಟದ ಲೋಡ್ ಹುಡುಕ್ಬೋದು ಕಣಮ್ಮ. ಸೋಮಯ್ಯ ನನ್ ಲಾರಿ ಬಂದಾಗೆಲ್ಲ ಕಲ್ಲು ಕೊಟ್ಟು ಗಾಲಿ ತಡ್ದವ್ನು. ನಾನು ಅವ್ನಿಗೆ ಏನ್ ಹೇಳ್ಲಿ?" ಅಂದರು.

ನಿನ್ನ ಕಾಗದ ನಾನು ಪೊಲೀಸರಿಗೆ ಕೊಡಬಹುದಿತ್ತು. ಎರಡು ಸಲ ಠಾಣೆಯ ಎದುರಿನವರೆಗೂ ಹೋದೆ. ಕೊಡಲಿಲ್ಲ. ನಿನ್ನ ಬದಲು ಈಗಾಗಲೇ ಒಬ್ಬ ಮಾತಾಡಿದ್ದಾನೆ. ಇನ್ನೊಬ್ಬಳು ಬೇಡ.

ಆದರೆ ಬೆಟ್ಟಮ್ಮನನ್ನು ಮತ್ತೆ ಹೊಡೆದರೆ ಮೂರನೇ ಸಲ ಒಳಗೆ ಹೋಗುತ್ತೇನೆ.

ಚಿತ್ರಗಾರನ ಮಾತು ಸಾಕು. ಅವನು ಸತ್ತಿದ್ದಾನೆ. ಸೋಮಯ್ಯ ಬದುಕಿದ್ದಾನೆ.

ಶೈಸ್ತಾ

ಹಾಸನ
೨೯ ಏಪ್ರಿಲ್ ೨೦೨೫

ಶೈಸ್ತಾ,

ಜೈಲಿನಲ್ಲಿ ಕಾಗದವನ್ನು ಬಿಡಿಸಿ ಓದಿಯೇ ಅಂಚೆಗೆ ಹಾಕುತ್ತಾರೆ. ಓದಲಿ. ನಾನಿರುವ ಕೋಣೆಯಲ್ಲಿ ಇನ್ನೂ ಆರು ಜನ ಇದ್ದಾರೆ. ಒಬ್ಬಾಕೆ ಗಂಡನ ತಲೆಗೆ ಒನಕೆಯಿಂದ ಹೊಡೆದವಳು. ನಾನು ಏನು ಮಾಡಿದೆ ಎಂದು ಕೇಳಿದಳು. ಹೇಳಿದೆ. ಮಲಗಲು ಜಾಗ ಬಿಟ್ಟಳು.

ಸೋಮಯ್ಯನನ್ನು ಇನ್ನೂ ಬಿಟ್ಟಿಲ್ಲ. ಸುಳ್ಳು ಹೇಳಿದ್ದಕ್ಕೆ ಅವನ ಮೇಲೆ ಬೇರೆ ಕೇಸು. ಆದರೆ ಕೊಲೆಯದು ಹೋಯಿತು. ಪಾಳ್ಯದ ಮನೆಯೂ ಹೋಯಿತು, ಅದನ್ನು ನಾನು ಮರೆತಿಲ್ಲ. ಬೆಟ್ಟಮ್ಮನಿಗೆ ಇನ್ನು ನಾನು ಉತ್ತರ ಹೇಳಬೇಕು.

ಹೇಗಾಯಿತು ಎಂದು ನಿನಗೆ ಹೇಳಬೇಕು. ನಿನ್ನ ಕಾಗದ ಬಂದ ಮೇಲೆ ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ಬೆಳಿಗ್ಗೆ ದೀಕ್ಷಿತ್ ಚಿಲಕ ತೆಗೆದಾಗ, ಲೈನಿಗೆ ಹೋಗುತ್ತೇನೆ ಅಂದೆ. ಅವನು ಬಾಗಿಲಿಗೆ ಅಡ್ಡ ನಿಂತ. ನನ್ನ ತೋಳು ತಿರುಚಿದ. ನಾನು ಅವನ ಕೈ ಕಚ್ಚಿದೆ, ರಕ್ತ ಬರುವ ಹಾಗೆ. ಅವನು ಬಿಟ್ಟ. "ಹೋಗು, ಹೋಗ್ ಸಾಯಿ" ಎಂದು ಅಲ್ಲೇ ಕೂತು ಅತ್ತ. ಅವನು ಅಳುವುದನ್ನು ನಾನು ಮೊದಲ ಸಲ ಕೇಳಿದ್ದು. ತಿರುಗಿ ನೋಡಿದ್ದರೆ ನಿಂತುಬಿಡುತ್ತಿದ್ದೆ.

ಕೆಂಚಮ್ಮ ಬಾಗಿಲ ಮುಂದೆ ಕೂತು ರಾಗಿ ಕೇರುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಮೊರ ನಿಲ್ಲಿಸಲಿಲ್ಲ.

"ಗೊತ್ತು" ಅಂದಳು.

"ಗೊತ್ತಾ?"

"ಇಡೀ ಲೈನಿಗೇ ಗೊತ್ತು. ಸೋಮಯ್ಯಂಗೆ ಎದ್ರುಗಿರೋ ಎಮ್ಮೆ ಕಾಣಕ್ಕಿಲ್ಲ, ಮರದ ತುದೀಲಿರೋ ನನ್ ಗಂಡ ಕಾಣ್ತಾನಾ?"

"ಮತ್ತೆ ಬೆಟ್ಟಮ್ಮನನ್ನು ಯಾಕೆ..."

"ಇನ್ಯಾರ್ಗೆ ಹೊಡ್ಯದು? ನಿಮ್ ಜಗ್ಲಿ ಮ್ಯಾಕೆ ಹತ್ತಕಾಯ್ತದಾ? ಕೈಗೆ ಯಾರ್ ಸಿಕ್ಕುದ್ರೋ ಅವ್ರಿಗೆ ಹೊಡ್ದೋ."

"ನಾನು ಈಗ ಸಿಕ್ಕಿದ್ದೇನೆ" ಅಂದೆ.

ಅವಳು ಮೊರ ಕೆಳಗಿಟ್ಟಳು. ರಾಗಿ ಚೆಲ್ಲದ ಹಾಗೆ, ನಿಧಾನವಾಗಿ. ಎದ್ದು ಹೊಡೆದಳು. ಅಂಗೈಯಲ್ಲಲ್ಲ, ಮುಷ್ಟಿಯಲ್ಲಿ. ತುಟಿ ಒಡೆಯಿತು. ಎರಡನೆಯದಕ್ಕೆ ಕೆಳಗೆ ಬಿದ್ದೆ. ಮೂರನೆಯದು ಹೊಡೆಯಲು ಬಗ್ಗಿದವಳು ಹಾಗೇ ನಿಂತು, ನನ್ನ ಜಡೆ ಹಿಡಿದು ಎಬ್ಬಿಸಿದಳು. "ಏಳಿ. ಬಸ್ಸು ಬರ್ತೈತೆ" ಅಂದಳು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಳು. ಟಿಕೆಟ್ಟು ಅವಳದು ಅವಳೇ ತೆಗೆದುಕೊಂಡಳು.

ಠಾಣೆಯಲ್ಲಿ ನಾನು ಹೇಳಿದ್ದನ್ನು ಸಾಹೇಬರು ಬರೆದುಕೊಳ್ಳಲಿಲ್ಲ. "ಮನೇಲಿ ಜಗ್ಳ ಮಾಡ್ಕೊಂಡ್ ಬಂದಿದೀರಾ? ನಿಮ್ ಮಾವನಿಗೆ ಫೋನ್ ಮಾಡ್ತೀನಿ, ಕೂತ್ಕೊಳಿ, ಟೀ ಕುಡೀರಿ" ಅಂದರು. ಮತ್ತೆ ಹೇಳಿದೆ. "ಆರೋಪಿ ಒಪ್ಕೊಂಡಾಗಿದೆ ಕಣಮ್ಮ" ಅಂದರು. ಆಮೇಲೆ ನನ್ನ ತುಟಿ ನೋಡಿದರು. ಕಣ್ಣು ದೊಡ್ಡದಾಯಿತು.

"ಇದ್ಯಾರು ಹೊಡೆದಿದ್ದು? ಲೈನಿನೋರಾ? ಹೇಳಿ, ಈಗ್ಲೇ ಎಫ್‌ಐಆರ್ ಹಾಕ್ತೀನಿ." ಪೆನ್ನಿನ ಮುಚ್ಚಳ ಆಗಲೇ ತೆಗೆದಿದ್ದರು.

"ಬಿದ್ದೆ" ಅಂದೆ.

ಹಿಂದಿನ ಬೆಂಚಿನಿಂದ ಕೆಂಚಮ್ಮ ಎದ್ದಳು. "ಬಿದ್ದಿಲ್ಲ ಸಾ. ನಾನೇ ಹೊಡ್ದಿದ್ದು, ಎರಡು ಏಟು. ನಾನು ಒಪ್ಕಂಡೆ, ಬರ್ಕಳಿ." ಮೇಜಿನ ಹತ್ತಿರ ಬಂದು ಹೆಬ್ಬೆರಳು ಚಾಚಿ ನಿಂತಳು. "ಬರ್ದಾಯ್ತಾ? ಈಗ ಇವ್ರುದು ಬರ್ಕಳಿ."

ಮಾನಸ